ಬೃಹತ್ ಗೃಹ ಅಕ್ವೇರಿಯಂ

ಬೃಹತ್ ಗೃಹ ಅಕ್ವೇರಿಯಂ ಎಂಬುದು ವಾಸದ ಮನೆಯೊಳಗೆ ಅಲಂಕಾರಿಕ ಮೀನುಗಳನ್ನೂ ಜಲಸಸ್ಯಗಳನ್ನೂ ಸಾಕಲು ನಿರ್ಮಿಸುವ, ಸಾಮಾನ್ಯ ಗಾತ್ರಕ್ಕಿಂತ ಬಹಳ ದೊಡ್ಡದಾದ ಗಾಜಿನ ಅಥವಾ ಅಕ್ರಿಲಿಕ್‌ನ ತೊಟ್ಟಿ. ಅಕ್ವೇರಿಯಂಗೆ ಕನ್ನಡದಲ್ಲಿ ಮತ್ಸ್ಯಾಲಯ, ಮತ್ಸ್ಯಾಗಾರ, ಮೀನುತೊಟ್ಟಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಎಷ್ಟು ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ‘ಬೃಹತ್’ ಎನ್ನಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಮಿತಿಯಿಲ್ಲ. ಈ ಲೇಖನದಲ್ಲಿ ಸುಮಾರು 1000 ಲೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ತೊಟ್ಟಿಗಳನ್ನು ಆ ಹೆಸರಿನಿಂದ ಕರೆಯಲಾಗಿದೆ.

ದೊಡ್ಡ ತೊಟ್ಟಿಯ ನೀರು ಚಿಕ್ಕ ತೊಟ್ಟಿಯ ನೀರಿಗಿಂತ ಸ್ಥಿರವಾದುದು. ಅದರ ಉಷ್ಣತೆ ಬೇಗನೆ ಏರಿಳಿಯುವುದಿಲ್ಲ, ಕಲ್ಮಶಗಳು ಹೆಚ್ಚು ನೀರಿನಲ್ಲಿ ಹರಡಿ ತೆಳುವಾಗುತ್ತವೆ. ಆದರೆ ತೂಕ, ಒತ್ತಡ, ನೀರಿನ ಬಳಕೆ, ವಿದ್ಯುತ್ತಿನ ಅವಲಂಬನೆ ಇವೆಲ್ಲವೂ ಗಾತ್ರದೊಡನೆ ಬೆಳೆಯುತ್ತವೆ. ಚಿಕ್ಕ ತೊಟ್ಟಿಯಲ್ಲಿ ಬಕೆಟ್ಟಿನಿಂದ ಸರಿಪಡಿಸಬಹುದಾದ ತಪ್ಪನ್ನು ದೊಡ್ಡ ತೊಟ್ಟಿಯಲ್ಲಿ ಹಾಗೆ ಸರಿಪಡಿಸಲಾಗದು. ಆದುದರಿಂದ ಇಂತಹ ತೊಟ್ಟಿಯ ಮುಖ್ಯ ನಿರ್ಧಾರಗಳೆಲ್ಲ ನೀರು ತುಂಬುವ ಮೊದಲೇ ಆಗಬೇಕಾಗುತ್ತದೆ.

ಹಿನ್ನೆಲೆ

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಸಾಕುವ ಆಧುನಿಕ ಹವ್ಯಾಸ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಮೀನುಗಳೂ ಜಲಸಸ್ಯಗಳೂ ಒಂದೇ ಪಾತ್ರೆಯಲ್ಲಿ ಪರಸ್ಪರ ಆಸರೆಯಾಗಿ ಬದುಕಬಲ್ಲವೆಂಬುದನ್ನು ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿನಲ್ಲಿ ತೋರಿಸಿದನು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ಆರಂಭವಾಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕವು ಅಕ್ವೇರಿಯಂ ಎಂಬ ಪದವನ್ನು ಜನಪ್ರಿಯಗೊಳಿಸಿತು. ಭಾರತದಲ್ಲಿ ಮುಂಬಯಿಯ ತಾರಾಪೊರವಾಲಾ ಮತ್ಸ್ಯಾಲಯ 1951ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯವೂ ಅನೇಕ ಶಾಲಾ ಮಕ್ಕಳು ಕಂಡಿರುವ ಸ್ಥಳ.

ಸಾರ್ವಜನಿಕ ಮತ್ಸ್ಯಾಲಯದ ಕಟ್ಟಡವನ್ನು ನೀರಿನ ಭಾರ ಹೊರಲೆಂದೇ ರೂಪಿಸಿರುತ್ತಾರೆ. ವಾಸದ ಮನೆಯನ್ನು ಹಾಗೆ ರೂಪಿಸಿರುವುದಿಲ್ಲ. ಮನೆಯ ದೊಡ್ಡ ತೊಟ್ಟಿಗೆ ಸಂಬಂಧಿಸಿದ ಬಹುಪಾಲು ತೊಡಕುಗಳು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ತೂಕ ಮತ್ತು ನೆಲದ ಸಾಮರ್ಥ್ಯ

ಒಂದು ಲೀಟರ್ ಸಿಹಿನೀರಿನ ತೂಕ ಸುಮಾರು ಒಂದು ಕಿಲೋಗ್ರಾಂ. ಉದಾಹರಣೆಗಾಗಿ, ಒಳ ಅಳತೆಯಲ್ಲಿ 240 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ ಮತ್ತು 75 ಸೆಂ.ಮೀ. ಎತ್ತರವಿರುವ ಒಂದು ತೊಟ್ಟಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ 70 ಸೆಂ.ಮೀ. ಆಳಕ್ಕೆ ನೀರು ನಿಲ್ಲಿಸಿದರೆ ಸುಮಾರು 1500 ಲೀಟರ್, ಅಂದರೆ ಒಂದೂವರೆ ಟನ್ ನೀರಾಗುತ್ತದೆ. 19 ಮಿ.ಮೀ. ದಪ್ಪದ ಗಾಜು ಬಳಸಿದರೆ ಗಾಜೇ 340 ಕಿ.ಗ್ರಾಂ. ಆಸುಪಾಸು ತೂಗುತ್ತದೆ. ತಳದ ಮರಳು, ಕಲ್ಲು, ಉಕ್ಕಿನ ಸ್ಟ್ಯಾಂಡ್ ಸೇರಿದರೆ ಒಟ್ಟು ಭಾರ ಎರಡು ಟನ್ನಿಗೆ ಮುಟ್ಟುತ್ತದೆ. ಈ ಭಾರವೆಲ್ಲ ಬೀಳುವುದು ಸುಮಾರು 2.2 ಚದರ ಮೀಟರ್ ಜಾಗದ ಮೇಲೆ. ಹೀಗೆ ಪ್ರತಿ ಚದರ ಮೀಟರಿಗೆ 900 ಕಿ.ಗ್ರಾಂ.ಗೂ ಹೆಚ್ಚಿನ ಹೊರೆಯಾಗುತ್ತದೆ.

ಭಾರತೀಯ ಮಾನಕ ಐಎಸ್ 875 (ಭಾಗ 2) ವಾಸದ ಕೊಠಡಿಗಳ ಚಾವಣಿ ಮತ್ತು ನೆಲದ ವಿನ್ಯಾಸಕ್ಕೆ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿ.ಗ್ರಾಂ. ಬಳಕೆಯ ಹೊರೆಯನ್ನು ಸೂಚಿಸುತ್ತದೆ. ಇದು ಇಡೀ ಕೊಠಡಿಗೆ ಸಮನಾಗಿ ಹರಡಿದ ಹೊರೆಯ ಲೆಕ್ಕವಾದುದರಿಂದ, ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೇರವಾಗಿ ತೀರ್ಮಾನಿಸಲಾಗದು. ತೊಟ್ಟಿಯ ಸುತ್ತಲಿನ ಖಾಲಿ ಜಾಗ, ತೊಲೆಗಳ ದಿಕ್ಕು, ಕಂಬಗಳ ಅಂತರ, ಕಾಂಕ್ರೀಟಿನ ವಯಸ್ಸು ಇವೆಲ್ಲವೂ ಉತ್ತರವನ್ನು ಬದಲಿಸುತ್ತವೆ. ಮಹಡಿಯ ಮೇಲಿನ ಮನೆಯಲ್ಲಿ ಇಂತಹ ತೊಟ್ಟಿ ಇಡುವ ಮೊದಲು ಕಟ್ಟಡದ ನಕ್ಷೆಯನ್ನು ರಚನಾ ಎಂಜಿನಿಯರ್ ಪರಿಶೀಲಿಸಬೇಕೆಂಬುದು ಇದೇ ಕಾರಣಕ್ಕೆ. ಬಾಡಿಗೆ ಮನೆ ಅಥವಾ ಅಪಾರ್ಟ್‌ಮೆಂಟ್ ಆಗಿದ್ದರೆ ಮಾಲೀಕರ ಮತ್ತು ನಿವಾಸಿಗಳ ಸಂಘದ ಒಪ್ಪಿಗೆಯೂ ಬೇಕಾಗುತ್ತದೆ. ಅಪಾಯಕ್ಕೆ ಒಳಗಾಗುವವರಲ್ಲಿ ಕೆಳಗಿನ ಮನೆಯವರೂ ಇರುತ್ತಾರೆ.

ಮಹಡಿಯ ಮನೆಗಳಲ್ಲಿ ತೊಟ್ಟಿಯನ್ನು ಕೋಣೆಯ ನಡುವೆ ಇಡುವುದಕ್ಕಿಂತ ಭಾರ ಹೊರುವ ಗೋಡೆ ಅಥವಾ ತೊಲೆಗೆ ಹೊಂದಿಕೊಂಡಂತೆ ಇಡುವುದು ಸಾಮಾನ್ಯವಾಗಿ ಉತ್ತಮ. ನೆಲಮಾಳಿಗೆಯಿಲ್ಲದ ಮನೆಯ ನೆಲ ಅಂತಸ್ತು ಎಲ್ಲಕ್ಕಿಂತ ಸುರಕ್ಷಿತ. ಅಲ್ಲಿಯೂ ನೆಲದ ಕೆಳಗೆ ನೀರಿನ ಸಂಪು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನೀರಿನ ಒತ್ತಡ

ಗಾಜಿನ ಮೇಲೆ ಬೀಳುವ ಒತ್ತಡವನ್ನು ನಿರ್ಧರಿಸುವುದು ನೀರಿನ ಒಟ್ಟು ಪ್ರಮಾಣವಲ್ಲ, ಅದರ ಆಳ. ತೊಟ್ಟಿಯ ಅಗಲ ಒಂದು ಅಡಿಯಿದ್ದರೂ ಹತ್ತು ಅಡಿಯಿದ್ದರೂ, ಆಳ ಒಂದೇ ಆಗಿದ್ದರೆ ಮುಂಭಾಗದ ಗಾಜಿನ ಮೇಲಿನ ಒತ್ತಡ ಒಂದೇ. ಮೇಲ್ಮೈಯಲ್ಲಿ ಶೂನ್ಯವಾಗಿರುವ ನೀರಿನ ಒತ್ತಡವು ತಳದತ್ತ ಸಮನಾಗಿ ಏರುತ್ತ ಹೋಗುತ್ತದೆ.

ಮೇಲಿನ ಉದಾಹರಣೆಯ ತೊಟ್ಟಿಯಲ್ಲಿ 240 ಸೆಂ.ಮೀ. ಉದ್ದದ ಮುಂಭಾಗದ ಗಾಜನ್ನು ನೀರು ಹೊರಕ್ಕೆ ತಳ್ಳುವ ಒಟ್ಟು ಬಲ ಸುಮಾರು 590 ಕಿ.ಗ್ರಾಂ. ಭಾರಕ್ಕೆ ಸಮ. ಈ ಬಲವು ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆಳವನ್ನು ಎರಡು ಪಟ್ಟು ಮಾಡಿದರೆ ಬಲ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಹೆಚ್ಚು ನೀರು ಬೇಕೆನ್ನುವವರು ತೊಟ್ಟಿಯ ಎತ್ತರವನ್ನು ಏರಿಸುವ ಬದಲು ಅಗಲವನ್ನು ಹೆಚ್ಚಿಸುವುದು ಜಾಣತನ. ಮೀನುಗಳಿಗೂ ಇದರಿಂದ ತಿರುಗಾಡಲು ಹೆಚ್ಚು ಅವಕಾಶ ಸಿಗುತ್ತದೆ ಮತ್ತು ಗಾಳಿಗೆ ತೆರೆದ ನೀರಿನ ಮೇಲ್ಮೈ ವಿಸ್ತಾರವಾಗುತ್ತದೆ. ಮನುಷ್ಯನ ತೋಳು ತಲುಪದಷ್ಟು ಆಳವಾದ ತೊಟ್ಟಿಯಲ್ಲಿ ತಳದ ಒಂದು ಗಿಡವನ್ನು ನೆಡಲೂ ಏಣಿ ಮತ್ತು ಉದ್ದನೆಯ ಇಕ್ಕಳ ಬೇಕಾಗುತ್ತವೆ.

ಗಾಜು, ಅಕ್ರಿಲಿಕ್ ಮತ್ತು ಅಂಟು

ದೊಡ್ಡ ತೊಟ್ಟಿಗಳಿಗೆ ದಪ್ಪನೆಯ ಫ್ಲೋಟ್ ಗಾಜು ಅಥವಾ ಅಕ್ರಿಲಿಕ್ ಹಲಗೆಗಳನ್ನು ಬಳಸುತ್ತಾರೆ. ಗಾಜಿಗೆ ಬೇಗನೆ ಗೀರು ಬೀಳುವುದಿಲ್ಲ, ಅದು ಹಳದಿಯಾಗುವುದಿಲ್ಲ, ಬೆಲೆಯೂ ಕಡಿಮೆ. ಅಕ್ರಿಲಿಕ್ ಅದೇ ಗಾತ್ರದ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಆದರೆ ಪಾಚಿ ಉಜ್ಜುವಾಗ ಸಿಕ್ಕಿಕೊಂಡ ಒಂದು ಮರಳಿನ ಕಣವೂ ಅದರ ಮೇಲೆ ಉಳಿಯುವ ಗೀರನ್ನು ಎಳೆಯಬಲ್ಲದು. ಟಫನ್ಡ್ ಗಾಜನ್ನು ಒಮ್ಮೆ ತಯಾರಿಸಿದ ಮೇಲೆ ಕೊರೆಯಲು ಅಥವಾ ಕತ್ತರಿಸಲು ಬರುವುದಿಲ್ಲ. ಅದು ಒಡೆದರೆ ಬಿರುಕಿಗೆ ನಿಲ್ಲದೆ ಇಡಿಯಾಗಿ ಚೂರುಚೂರಾಗುತ್ತದೆ.

ಉದಾಹರಣೆಯ ತೊಟ್ಟಿಯಲ್ಲಿ ಮುಂಭಾಗದ ಹಲಗೆಯೊಂದೇ ಸುಮಾರು 85 ಕಿ.ಗ್ರಾಂ. ತೂಗುತ್ತದೆ. ಸಿದ್ಧವಾದ ತೊಟ್ಟಿಯಂತೂ ಅನೇಕ ಮನೆಗಳ ಬಾಗಿಲಲ್ಲಿ, ಲಿಫ್ಟಿನಲ್ಲಿ, ಮೆಟ್ಟಿಲ ತಿರುವಿನಲ್ಲಿ ಹಿಡಿಸುವುದಿಲ್ಲ. ಹೀಗಾಗಿ ಹಲಗೆಗಳನ್ನು ಬಿಡಿಬಿಡಿಯಾಗಿ ತಂದು, ತೊಟ್ಟಿ ನಿಲ್ಲಬೇಕಾದ ಸ್ಥಳದಲ್ಲಿಯೇ ಸಿಲಿಕೋನ್ ಅಂಟಿನಿಂದ ಜೋಡಿಸುವ ಕ್ರಮವಿದೆ. ಬೂಸ್ಟು ನಿರೋಧಕ ವಿಷ ಬೆರೆಸಿದ, ಸ್ನಾನಗೃಹಗಳಿಗೆ ಬಳಸುವ ಸಿಲಿಕೋನ್ ಮೀನುಗಳಿಗೆ ಅಪಾಯಕಾರಿ. ಅಂಟು ಪೂರ್ಣವಾಗಿ ಗಟ್ಟಿಯಾಗಲು ಹಲವು ದಿನಗಳು ಬೇಕು. ಆನಂತರ ನೀರನ್ನು ಹಂತಹಂತವಾಗಿ ತುಂಬಿ, ಕೆಲವು ದಿನ ಹಾಗೆಯೇ ನಿಲ್ಲಿಸಿ, ಸೋರಿಕೆಯನ್ನು ಪರೀಕ್ಷಿಸಬೇಕು.

ಸ್ಟ್ಯಾಂಡಿನ ಮೇಲ್ಭಾಗ ರಸಮಟ್ಟಕ್ಕೆ ಸರಿಯಾಗಿ ಸಮತಲವಾಗಿರುವುದು ಅಗತ್ಯ. ಒಂದು ಮೂಲೆ ತಗ್ಗಿದ್ದರೂ ಗಾಜು ತಿರುಚಿದಂತಾಗಿ, ಬಿರುಕು ತಿಂಗಳುಗಳ ಬಳಿಕ ಕಾಣಿಸಿಕೊಳ್ಳಬಹುದು. ತಳದ ಗಾಜಿನ ಕೆಳಗೆ ಥರ್ಮೋಕೋಲ್ ಅಥವಾ ಫೋಮ್ ಹಾಳೆ ಹಾಸುವುದು ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಸರಿದೂಗಿಸಲು.

ದೊಡ್ಡ ತೊಟ್ಟಿಯ ವೈಫಲ್ಯ ಎಷ್ಟು ಹಠಾತ್ತಾಗಿರಬಹುದೆಂಬುದಕ್ಕೆ ಬರ್ಲಿನ್ ನಗರದ ಅಕ್ವಾಡೋಮ್ ಉದಾಹರಣೆಯಾಗಿದೆ. ಹೋಟೆಲೊಂದರ ಒಳಾಂಗಣದಲ್ಲಿದ್ದ, ಸುಮಾರು 10 ಲಕ್ಷ ಲೀಟರ್ ನೀರಿನ ಈ ಅಕ್ರಿಲಿಕ್ ಸಿಲಿಂಡರ್ 2022ರ ಡಿಸೆಂಬರ್ 16ರ ಮುಂಜಾನೆ ಒಡೆಯಿತು. ಅದರಲ್ಲಿದ್ದ ಸುಮಾರು 1500 ಮೀನುಗಳ ಪೈಕಿ ಬಹುಪಾಲು ಸತ್ತವು, ಇಬ್ಬರಿಗೆ ಗಾಯಗಳಾದವು. ಜನಸಂಚಾರವಿಲ್ಲದ ವೇಳೆಯಾದುದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಮನೆಯ ತೊಟ್ಟಿಯನ್ನು ಅದರೊಡನೆ ಗಾತ್ರದಲ್ಲಿ ಹೋಲಿಸಲಾಗದಿದ್ದರೂ, ಜೋಡಣೆಯನ್ನೂ ಹಲಗೆಗಳನ್ನೂ ನಿಯತವಾಗಿ ಪರೀಕ್ಷಿಸಬೇಕೆಂಬ ಪಾಠ ಎರಡಕ್ಕೂ ಒಂದೇ.

ಸೋಸುವಿಕೆ ಮತ್ತು ಸಾರಜನಕ ಚಕ್ರ

ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನುಗಳಿಗೆ ವಿಷ. ನೀರಿನ ಪಿಎಚ್ ಮತ್ತು ಉಷ್ಣತೆ ಏರಿದಂತೆ ಇದರ ವಿಷತ್ವವೂ ಏರುತ್ತದೆ. ಫಿಲ್ಟರಿನ ಸ್ಪಂಜು, ಸೆರಾಮಿಕ್ ತುಣುಕು ಮತ್ತು ಮರಳಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ವಿಷಕಾರಿ, ನೈಟ್ರೇಟ್ ಅಷ್ಟಾಗಿ ಅಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ನೀರು ತಿಳಿಯಾಗಿ ಕಂಡಿತೆಂದು ಮೊದಲ ವಾರದಲ್ಲಿಯೇ ಎಲ್ಲ ಮೀನುಗಳನ್ನು ತಂದು ಬಿಟ್ಟರೆ ಅವು ಸಾಯುವುದು ಈ ಕಾರಣದಿಂದ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷಾ ಕಿಟ್‌ನಿಂದ ಅಳೆದೇ ತಿಳಿಯಬೇಕು.

ದೊಡ್ಡ ಪ್ರಮಾಣದ ನೀರಿನ ಲಾಭ ಇಲ್ಲಿ ಸ್ಪಷ್ಟವಾಗುತ್ತದೆ. ಸತ್ತ ಮೀನೊಂದು ಕಾಣದೆ ಕೊಳೆತಾಗ ಹೊರಬರುವ ಅಮೋನಿಯಾವು 60 ಲೀಟರ್ ತೊಟ್ಟಿಯಲ್ಲಿ ಇರುವುದಕ್ಕಿಂತ 1500 ಲೀಟರ್ ತೊಟ್ಟಿಯಲ್ಲಿ 25 ಪಟ್ಟು ತೆಳುವಾಗಿರುತ್ತದೆ. ಆದರೆ ರೋಗ ಬಂದಾಗ ತೊಟ್ಟಿಗೆ ಹಾಕಬೇಕಾದ ಔಷಧವೂ 25 ಪಟ್ಟು ಬೇಕಾಗುತ್ತದೆ. ಬಂಡೆ ಮತ್ತು ಗಿಡಗಳ ನಡುವೆ ಅಡಗಿದ ಕಾಯಿಲೆಯ ಮೀನನ್ನು ಹಿಡಿಯುವುದೂ ಸುಲಭವಲ್ಲ. ಹೊಸ ಮೀನುಗಳನ್ನು ಕೆಲವು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿಟ್ಟು ನೋಡುವ ಪದ್ಧತಿಯು ದೊಡ್ಡ ತೊಟ್ಟಿಗೆ ಇನ್ನೂ ಮುಖ್ಯವಾಗುವುದು ಇದರಿಂದಲೇ.

ಬೃಹತ್ ತೊಟ್ಟಿಗಳಲ್ಲಿ ಸೋಸುವ ಸಾಮಗ್ರಿಯನ್ನು ಕೆಳಗಿನ ಮತ್ತೊಂದು ತೊಟ್ಟಿಯಲ್ಲಿ ಇಡುವುದು ರೂಢಿ. ಅದನ್ನು ಸಂಪ್ ಎನ್ನುತ್ತಾರೆ. ಮನೆಯ ನೆಲದಡಿಯ ನೀರಿನ ಸಂಪಿಗೂ ಇದಕ್ಕೂ ಹೆಸರಷ್ಟೇ ಸಮಾನ. ಮೇಲಿನ ತೊಟ್ಟಿಯ ನೀರು ಕೊಳವೆಯ ಮೂಲಕ ಸಂಪಿಗೆ ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಬಾರಿ ಹೀಗೆ ಸುತ್ತಬೇಕೆಂಬ ರೂಢಿಯ ಲೆಕ್ಕದಂತೆ 1500 ಲೀಟರ್ ತೊಟ್ಟಿಗೆ ಗಂಟೆಗೆ 6000ದಿಂದ 7500 ಲೀಟರ್ ಹರಿಸುವ ಪಂಪು ಬೇಕು.

ನೀರಿನ ಬದಲಾವಣೆ

ಸಂಗ್ರಹವಾಗುವ ನೈಟ್ರೇಟನ್ನು ತೆಗೆಯಲು ನೀರಿನ ಒಂದು ಭಾಗವನ್ನು ನಿಯತವಾಗಿ ಬದಲಿಸಬೇಕು. ವಾರಕ್ಕೆ ಕಾಲುಭಾಗವೆಂದರೆ ಉದಾಹರಣೆಯ ತೊಟ್ಟಿಯಲ್ಲಿ 375 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಇದು ಇಪ್ಪತ್ತೈದು ಕೊಡ ನೀರು ಹೊರಹಾಕಿ, ಮತ್ತೆ ಇಪ್ಪತ್ತೈದು ಕೊಡ ನೀರು ತುಂಬುವ ಕೆಲಸ. ಹೊತ್ತು ಮಾಡುವ ಈ ಕೆಲಸವನ್ನು ಉತ್ಸಾಹದಿಂದ ಆರಂಭಿಸಿದವರೂ ಬಹುಕಾಲ ಮುಂದುವರಿಸಲಾರರು. ಆದುದರಿಂದ ತೊಟ್ಟಿ ಇಡುವ ಸ್ಥಳದ ಹತ್ತಿರ ನಲ್ಲಿಯನ್ನೂ ನೀರು ಹೊರಹೋಗುವ ಕೊಳವೆಯನ್ನೂ ಮೊದಲೇ ಅಳವಡಿಸುವುದು ಅವಶ್ಯ.

ನಗರಗಳ ಕೊಳಾಯಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರುಗಳಿಗೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಹಾನಿಕರ. ನೀರನ್ನು ಒಂದು ದಿನ ಗಾಳಿಯಾಡಿಸಿ ಇಟ್ಟರೆ ಅಥವಾ ಸೋಡಿಯಂ ಥಯೋಸಲ್ಫೇಟ್ ಬೆರೆಸಿದರೆ ಕ್ಲೋರಿನ್ ಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಈ ತೊಂದರೆ ಇಲ್ಲದಿದ್ದರೂ ಬೆಂಗಳೂರಿನಂತಹ ಕಡೆ ಅದು ಸಾಮಾನ್ಯವಾಗಿ ಗಡಸು. ಗಡಸು ನೀರನ್ನು ಆರ್‌ಒ ಯಂತ್ರದಿಂದ ಮೃದುಗೊಳಿಸಿದರೆ ಸಾಕಷ್ಟು ನೀರು ತ್ಯಾಜ್ಯವಾಗಿ ಹೋಗುತ್ತದೆ. ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ನೀರಿಗೆ ಹೊಂದುವ ಮೀನನ್ನು ಆರಿಸುವುದು ಸುಲಭ. ಆಫ್ರಿಕಾದ ಮಲಾವಿ ಮತ್ತು ಟಾಂಗನ್ಯೀಕಾ ಸರೋವರಗಳ ಸಿಕ್ಲಿಡ್ ಮೀನುಗಳು ಗಡಸು ನೀರಿನಲ್ಲಿ ಚೆನ್ನಾಗಿ ಬಾಳುತ್ತವೆ. ಅಮೆಜಾನ್ ಮೂಲದ ಡಿಸ್ಕಸ್ ಮೃದು ನೀರನ್ನು ಬಯಸುತ್ತದೆ. ಸಮುದ್ರದ ಮೀನುಗಳಿಗಾದರೆ ಲೀಟರಿಗೆ ಸುಮಾರು 35 ಗ್ರಾಂ. ಲವಣವಿರಬೇಕಾದುದರಿಂದ, 1500 ಲೀಟರ್ ತೊಟ್ಟಿಯನ್ನು ಮೊದಲ ಬಾರಿ ತುಂಬಲು 50 ಕಿ.ಗ್ರಾಂ.ಗೂ ಹೆಚ್ಚು ಲವಣ ಮಿಶ್ರಣ ಬೇಕು.

ನೀರಿನ ಅಭಾವವಿರುವ ಊರುಗಳಲ್ಲಿ ಇದು ಸ್ವಂತ ಖರ್ಚಿನ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದು, ಕೈತೋಟ, ಕಾರಂಜಿ ಮೊದಲಾದವುಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಟ್ಯಾಂಕರ್ ನೀರನ್ನು ಅವಲಂಬಿಸಿದ ಮನೆಯಲ್ಲಿ ವಾರಕ್ಕೆ 375 ಲೀಟರ್ ನೀರು ಬೇಸಿಗೆಯ ನಡುವೆಯೂ ದೊರೆಯುವುದೇ ಎಂಬುದನ್ನು ತೊಟ್ಟಿ ಕಟ್ಟುವ ಮೊದಲೇ ಯೋಚಿಸಬೇಕಾಗುತ್ತದೆ. ಹೊರತೆಗೆದ ಸಿಹಿನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದು ಗಿಡಗಳಿಗೆ ಒಳ್ಳೆಯ ಗೊಬ್ಬರ. ಅದನ್ನು ಚರಂಡಿಗೆ ಬಿಡದೆ ಕುಂಡ ಮತ್ತು ತೋಟಕ್ಕೆ ಬಳಸಿದರೆ ಆ ನೀರು ಎರಡು ಬಾರಿ ಉಪಯೋಗಕ್ಕೆ ಬಂದಂತಾಗುತ್ತದೆ.

ವಿದ್ಯುತ್, ಉಷ್ಣತೆ ಮತ್ತು ಆಮ್ಲಜನಕ

ಪಂಪು ಹಗಲಿರುಳೂ ಓಡಬೇಕು. 100 ವ್ಯಾಟ್‌ನ ಪಂಪು ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ವಿದ್ಯುತ್ ಬಳಸುತ್ತದೆ. ದೀಪಗಳು, ಚಳಿಗಾಲದ ಹೀಟರ್, ಹವಳಗಳಿರುವ ಸಮುದ್ರದ ತೊಟ್ಟಿಯಾದರೆ ನೀರು ತಂಪುಮಾಡುವ ಚಿಲ್ಲರ್ ಇವೆಲ್ಲ ಇದಕ್ಕೆ ಸೇರುತ್ತವೆ.

ವಿದ್ಯುತ್ ನಿಂತಾಗ ಮೊದಲು ಎದುರಾಗುವ ಅಪಾಯ ಆಮ್ಲಜನಕದ ಕೊರತೆ. ಬಿಸಿಯಾದ ನೀರು ಕಡಿಮೆ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ. ಕರಗುವ ಆಮ್ಲಜನಕವು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ.ಗೆ ಇಳಿಯುತ್ತದೆ. ಮೀನುಗಳು ದಟ್ಟವಾಗಿದ್ದು ಬೇಸಿಗೆಯ ರಾತ್ರಿ ಕರೆಂಟು ಹೋದರೆ ಕೆಲವೇ ಗಂಟೆಗಳಲ್ಲಿ ಅವು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ದೀಪ ಮತ್ತು ಹೀಟರ್‌ಗಳನ್ನು ಬಿಟ್ಟು, ಪಂಪು ಮತ್ತು ಗಾಳಿಯ ಮೋಟಾರನ್ನು ಮಾತ್ರ ಇನ್ವರ್ಟರ್‌ಗೆ ಜೋಡಿಸಿದರೆ ಅದು ಹೆಚ್ಚು ಹೊತ್ತು ನಡೆಯುತ್ತದೆ. ಬ್ಯಾಟರಿಯ ಗಾಳಿ ಪಂಪು ಕೊನೆಯ ಆಸರೆ.

ಪಂಪು ನಿಂತ ಕ್ಷಣ ಮೇಲಿನ ತೊಟ್ಟಿಯಿಂದ ಸ್ವಲ್ಪ ನೀರು ಸಂಪಿಗೆ ಇಳಿಯುತ್ತದೆ. ಉದಾಹರಣೆಯ ತೊಟ್ಟಿಯಲ್ಲಿ ಒಂದು ಸೆಂ.ಮೀ. ಮಟ್ಟವೆಂದರೆ 21 ಲೀಟರಿಗೂ ಹೆಚ್ಚು ನೀರು. ಅದನ್ನು ಹಿಡಿಯುವಷ್ಟು ಖಾಲಿ ಜಾಗ ಸಂಪಿನಲ್ಲಿ ಇರದಿದ್ದರೆ ಪ್ರತಿ ಬಾರಿ ವಿದ್ಯುತ್ ಹೋದಾಗಲೂ ನೆಲ ನೆನೆಯುತ್ತದೆ. ನೀರು ಮೇಲೇರುವ ಕೊಳವೆಯಲ್ಲಿ ಮಟ್ಟಕ್ಕೆ ಸ್ವಲ್ಪ ಕೆಳಗೆ ಒಂದು ಸಣ್ಣ ರಂಧ್ರ ಕೊರೆದರೆ ಗಾಳಿ ಸೇರಿ ಈ ಹಿಮ್ಮುಖ ಹರಿವು ನಿಲ್ಲುತ್ತದೆ. ತೊಟ್ಟಿ ಕಟ್ಟಿದ ಮೇಲೆ ಪಂಪಿನ ಸ್ವಿಚ್ ಆರಿಸಿ ನೋಡುವುದು ಇದಕ್ಕೆ ಸರಳ ಪರೀಕ್ಷೆ.

ನೀರು ಮತ್ತು ವಿದ್ಯುತ್ತು ಹತ್ತಿರವಿರುವುದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ರಕ್ಷಣೆ ಅಗತ್ಯ. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಬೇಕು. ಆಗ ತಂತಿಯ ಗುಂಟ ಇಳಿದ ನೀರು ಸಾಕೆಟ್ಟನ್ನು ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ವಿದ್ಯುತ್ ಸಂಪರ್ಕ ಕಡಿಯಬೇಕು.

ಆವಿಯಾಗುವ ನೀರೂ ಗಣನೀಯ. ದಿನಕ್ಕೆ ಅರ್ಧ ಸೆಂ.ಮೀ. ಮಟ್ಟ ಇಳಿದರೆ ಸುಮಾರು 11 ಲೀಟರ್ ನೀರು ಕೋಣೆಯ ಗಾಳಿಗೆ ಸೇರಿದಂತೆ. ಮುಚ್ಚಳವಿಲ್ಲದ ತೊಟ್ಟಿಯಿದ್ದು ಗಾಳಿಯಾಡದ ಕೋಣೆಯಲ್ಲಿ ಗೋಡೆಗೆ ಬೂಸ್ಟು ಹಿಡಿಯಬಹುದು, ಮರದ ಪೀಠೋಪಕರಣಗಳು ಉಬ್ಬಬಹುದು.

ಮೀನುಗಳ ಆಯ್ಕೆ

ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿಗಳು ಬೆಳೆದಾಗ ತಲುಪುವ ಗಾತ್ರವನ್ನು ಮೊದಲೇ ತಿಳಿಯುವುದು ಆಯ್ಕೆಯ ಮುಖ್ಯ ನಿಯಮ. ಆಸ್ಕರ್ ಮೀನು 30 ಸೆಂ.ಮೀ.ಗೂ ಹೆಚ್ಚು ಬೆಳೆಯುತ್ತದೆ. ‘ಷಾರ್ಕ್’ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ವಾಸ್ತವವಾಗಿ ಷಾರ್ಕ್ ಅಲ್ಲ. ಆಹಾರಕ್ಕಾಗಿಯೂ ಸಾಕುವ ಈ ಮೀನು ಒಂದು ಮೀಟರಿಗೂ ಹೆಚ್ಚು ಉದ್ದವಾಗಬಲ್ಲದು. ರೆಡ್‌ಟೇಲ್ ಕ್ಯಾಟ್‌ಫಿಶ್ ಕೂಡ ಅಷ್ಟೇ ಬೆಳೆಯುತ್ತದೆ. ಇಂತಹ ಮೀನುಗಳಿಗೆ ಉದಾಹರಣೆಯ ತೊಟ್ಟಿಯೂ ಚಿಕ್ಕದೇ. ಏಷ್ಯಾದ ಅರೋವಾನಾ ಮೀನು ಅಳಿವಿನ ಅಪಾಯದಲ್ಲಿರುವ ಪ್ರಭೇದವಾದುದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ಮೊದಲ ಅನುಬಂಧದ ಕಟ್ಟುನಿಟ್ಟಿಗೆ ಒಳಪಟ್ಟಿದೆ.

ದೊಡ್ಡ ತೊಟ್ಟಿಯ ನಿಜವಾದ ಉಪಯುಕ್ತತೆ ಗುಂಪಾಗಿ ಈಜುವ ಮಧ್ಯಮ ಗಾತ್ರದ ಮೀನುಗಳಲ್ಲಿ ಕಾಣುತ್ತದೆ. ಕೇರಳ ಮತ್ತು ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳ ‘ಮಿಸ್ ಕೇರಳ’ ಮೀನು ಇದಕ್ಕೆ ಉದಾಹರಣೆ. ಇದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಪ್ರಭೇದವೆಂದು ದಾಖಲಾಗಿದೆ. ಆದುದರಿಂದ ಹೊಳೆಯಿಂದ ಹಿಡಿದ ಮೀನುಗಳನ್ನು ಬಿಟ್ಟು, ಸಾಕಣೆಯಲ್ಲಿ ಮರಿಮಾಡಿಸಿದ ಮೀನುಗಳನ್ನೇ ಕೊಳ್ಳುವುದು ಉಚಿತ.

ಆಸ್ಕರ್, ಗೋಲ್ಡ್‌ಫಿಶ್ ಮೊದಲಾದವು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲವು. ಮನೆಯವರು ಊರಿಗೆ ಹೋಗುವಾಗ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಅಷ್ಟೂ ವರ್ಷ ಇರುತ್ತದೆ. ಬೆಳೆದ ಆರೋಗ್ಯವಂತ ಮೀನುಗಳು ಕೆಲವು ದಿನ ಆಹಾರವಿಲ್ಲದೆ ಇರಬಲ್ಲವು. ನೆರೆಯವರು ಪ್ರೀತಿಯಿಂದ ಹೆಚ್ಚು ಆಹಾರ ಹಾಕಿ ನೀರು ಕೆಡಿಸುವುದೇ ಹೆಚ್ಚಿನ ಅಪಾಯ. ದಿನಕ್ಕೊಂದರಂತೆ ಅಳೆದ ಪೊಟ್ಟಣ ಕಟ್ಟಿಟ್ಟು ಹೋಗುವುದು ಇದಕ್ಕೆ ಸುಲಭ ಪರಿಹಾರ.

ಕೆರೆ ಹೊಳೆಗಳಿಗೆ ಬಿಡುವುದರ ಅಪಾಯ

ತೊಟ್ಟಿಯನ್ನು ಮೀರಿ ಬೆಳೆದ ಮೀನನ್ನು ಹತ್ತಿರದ ಕೆರೆಗೆ ಬಿಡುವುದು ದಯೆಯ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಪರಿಣಾಮ ಅದಕ್ಕೆ ವಿರುದ್ಧ. ಪಾಚಿ ತಿನ್ನಲೆಂದು ಸಾಕುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್‌ಮೌತ್ ಕ್ಯಾಟ್‌ಫಿಶ್ ಅಕ್ವೇರಿಯಂ ವ್ಯಾಪಾರದ ಮೂಲಕ ಬಂದು ಇಂದು ಭಾರತದ ಹಲವು ಜಲಮೂಲಗಳಲ್ಲಿ ನೆಲೆಯೂರಿದೆ. ಗಟ್ಟಿ ಕವಚದ ಈ ಮೀನು ಸ್ಥಳೀಯ ಮೀನುಗಳ ಆಹಾರಕ್ಕೆ ಪೈಪೋಟಿ ನೀಡುತ್ತದೆ, ದಡಗಳಲ್ಲಿ ಬಿಲ ತೋಡುತ್ತದೆ, ಮೀನುಗಾರರ ಬಲೆಗಳನ್ನು ಹರಿಯುತ್ತದೆ. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಪರಭಕ್ಷಕ ಮೀನಾದ ಅಲಿಗೇಟರ್ ಗಾರ್ ಸಿಕ್ಕಿತ್ತು. ಬೇಡವಾದ ಮೀನನ್ನು ಅಂಗಡಿಗೆ ಅಥವಾ ಮತ್ತೊಬ್ಬ ಹವ್ಯಾಸಿಗೆ ಒಪ್ಪಿಸುವುದು ಸರಿಯಾದ ಮಾರ್ಗ. ತೊಟ್ಟಿಯ ಜಲಸಸ್ಯಗಳನ್ನೂ ಬಸವನಹುಳುಗಳನ್ನೂ ತೆರೆದ ನೀರಿಗೆ ಎಸೆಯಬಾರದು.

ಸ್ಥಳಾಂತರ ಮತ್ತು ಕಳಚುವಿಕೆ

ನೀರು ತುಂಬಿದ ಬೃಹತ್ ತೊಟ್ಟಿಯನ್ನು ಕದಲಿಸಲಾಗದು. ಅರ್ಧ ಖಾಲಿ ಮಾಡಿ ಎಳೆಯುವುದೂ ಅಂಟಿನ ಜೋಡಣೆಗಳಿಗೆ ಅಪಾಯಕರ. ಮನೆ ಬದಲಿಸುವಾಗ ಮೀನುಗಳನ್ನು ಹಳೆಯ ನೀರಿನ ಸ್ವಲ್ಪ ಭಾಗದೊಡನೆ ಗಾಳಿಯಾಡುವ ಡ್ರಮ್ಮುಗಳಿಗೆ ವರ್ಗಾಯಿಸಿ, ತೊಟ್ಟಿಯನ್ನು ಪೂರ್ತಿ ಬರಿದು ಮಾಡಬೇಕು. ಬ್ಯಾಕ್ಟೀರಿಯಾಗಳು ನೆಲೆಸಿರುವ ಫಿಲ್ಟರ್ ಸಾಮಗ್ರಿಯನ್ನು ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲಿಯೇ ಒಯ್ದರೆ ಹೊಸ ಸ್ಥಳದಲ್ಲಿ ಸಾರಜನಕ ಚಕ್ರವನ್ನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ. ಮನೆಯಲ್ಲಿಯೇ ಅಂಟಿಸಿ ಕಟ್ಟಿದ ತೊಟ್ಟಿಯಾದರೆ ಸಿಲಿಕೋನನ್ನು ತೆಳುವಾದ ಬ್ಲೇಡಿನಿಂದ ಕುಯ್ದು, ಹಲಗೆಗಳನ್ನು ಬೇರ್ಪಡಿಸಿಯೇ ಹೊರತರಬೇಕಾಗುತ್ತದೆ. ಅವುಗಳನ್ನು ಮತ್ತೆ ಜೋಡಿಸುವ ಮುನ್ನ ಹಳೆಯ ಅಂಟನ್ನು ಸಂಪೂರ್ಣವಾಗಿ ಕೆರೆದು ತೆಗೆಯಬೇಕು. ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಭದ್ರವಾಗಿ ಹಿಡಿಯುವುದಿಲ್ಲ.